ಬೀಯಮ್ಮನ ಮುಖ

ಸೋಮವಾರ ಬೆಳಿಗ್ಗೆ ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ವಿಸ್ಮಿತಾಳಿಗೆ ಸೀಟು ಸಿಕ್ಕಿದ್ದು ವೇಣೂರು ದಾಟಿದ ಮೇಲೆ. ಬ್ಯಾಗನ್ನು ತೊಡೆಯ ಮೇಲಿಟ್ಟು ಉಸಿರು ಬಿಡುವಷ್ಟರಲ್ಲಿ ಎದುರಿನ ಸೀಟಿನಿಂದ ನಗು ಕೇಳಿತು. ಕಾಲೇಜಿಗೆ ಹೋಗುವ ಇಬ್ಬರು ಒಂದೇ ಮೊಬೈಲಿಗೆ ತಲೆ ತಾಗಿಸಿ ಕೂತಿದ್ದರು. ಪರದೆಯ ಮೇಲೆ ಒಂದು ಬಸ್ಸು ಓಡುತ್ತಿತ್ತು. ಅದು ತಾನು ಕೆಲಸ ಮಾಡಿದ ಗೇಮು ಎಂದು ಗೊತ್ತಾದಾಗ ಅವಳಿಗೆ ಖುಷಿಯೇ ಆಯಿತು. ಗೇಮು ಬಿಡುಗಡೆಯಾಗಿ ನಾಲ್ಕು ದಿನವಾಗಿತ್ತು ಅಷ್ಟೆ. ಗುರುತಿಲ್ಲದವರ ಕೈಯಲ್ಲಿ ಅದನ್ನು ನೋಡಿದ್ದು ಇದೇ ಮೊದಲು. ಕುತ್ತಿಗೆ ಉದ್ದ ಮಾಡಿ ನೋಡಿದಳು.

ಪರದೆಯ ಬಸ್ಸು ಪುಂಜಾಲಕಟ್ಟೆಯ ಸ್ಟಾಪಿಗೆ ಬಂತು. ಅಲ್ಲಿ ಬೀಡಿಯ ಬುಟ್ಟಿ ಹಿಡಿದ ಒಂದು ಹೆಂಗಸು ನಿಂತಿತ್ತು. ಹೆಂಗಸು ಎನ್ನಬೇಕೋ ಬೇಡವೋ ಎಂಬಂತಹ ರೂಪ. ಮುಖ ಬಿಸಿಲಿಗಿಟ್ಟ ಮೇಣದಂತೆ ಕೆಳಕ್ಕೆ ಇಳಿದಿತ್ತು. ಒಂದು ಕಣ್ಣು ಕೆನ್ನೆಯಲ್ಲಿ, ಇನ್ನೊಂದು ಕಿವಿಯ ಹತ್ತಿರ. ತಲೆಗೆ ಹೊದ್ದ ಬಟ್ಟೆ ಗಲ್ಲವನ್ನು ಸೀಳಿ ಹೊರಗೆ ಬಂದಿತ್ತು. ಬುಟ್ಟಿ ಕೈಯಿಂದ ಒಂದು ಗೇಣು ದೂರದಲ್ಲಿ, ಗಾಳಿಯಲ್ಲಿ ನಿಂತಿತ್ತು. ಹುಡುಗ ಬಸ್ಸನ್ನು ನಿಲ್ಲಿಸಲಿಲ್ಲ, ಸೀದಾ ಅವಳ ಮೇಲೆ ಬಿಟ್ಟ. ಆ ರೂಪ ಬೀಳಲೂ ಇಲ್ಲ, ಬದಿಗೆ ಸರಿಯಲೂ ಇಲ್ಲ. ಬಸ್ಸಿನ ಮುಂದಿನ ಗಾಜಿಗೆ ಅಂಟಿಕೊಂಡು, ಕೈಕಾಲು ಪಟಪಟ ಬಡಿಯುತ್ತ, ಬಾಯಿ ತೆರೆದು ಮುಚ್ಚುತ್ತ ಮಡಂತ್ಯಾರಿನವರೆಗೆ ಬಂತು. ಹುಡುಗರಿಬ್ಬರೂ ನಕ್ಕು ನಕ್ಕು ಸೀಟಿನಿಂದ ಜಾರಿದರು. ಬೀಡಿ ಅಜ್ಜಿಯನ್ನು ಬೆಳ್ತಂಗಡಿಯವರೆಗೆ ಬೀಳಿಸದೆ ತಂದವರ ವಿಡಿಯೊ ಉಂಟು, ಅದನ್ನು ತೋರಿಸುತ್ತೇನೆ ಎಂದು ಒಬ್ಬ ಹುಡುಕತೊಡಗಿದ.

ವಿಸ್ಮಿತಾಳಿಗೆ ಗುರುತು ಹತ್ತಿದ್ದು ಮೂಗಿನ ಬಲಬದಿಯ ಕಪ್ಪು ಮಚ್ಚೆಯಿಂದ. ಇಡೀ ಮುಖ ಕರಗಿಹೋಗಿದ್ದರೂ ಆ ಮಚ್ಚೆ ಮಾತ್ರ ತನ್ನ ಜಾಗದಲ್ಲೇ ಇತ್ತು. ಅದು ಬೀಯಮ್ಮ. ಆ ಹುಡುಗನ ಕೈಯಿಂದ ಮೊಬೈಲು ಕಿತ್ತು ಕಿಟಕಿಯಿಂದ ಹೊರಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಆ ಮುಖವನ್ನು ಹಾಳು ಮಾಡಿದ್ದು ಆ ಹುಡುಗನಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ವಿಸ್ಮಿತಾ ಬೆಳ್ತಂಗಡಿ ಹತ್ತಿರದ ನೆರಿಯದವಳು. ಅಪ್ಪ ಲೋಕಯ್ಯ ರಬ್ಬರು ಟ್ಯಾಪಿಂಗ್ ಮಾಡುತ್ತಿದ್ದರು, ಸ್ವಲ್ಪ ಗದ್ದೆಯೂ ಇತ್ತು. ಅನಿಮೇಷನ್ ಡಿಪ್ಲೊಮಾ ಮುಗಿಸಿದ ಮೇಲೆ ಅವಳಿಗೆ ಮೂಡುಬಿದಿರೆಯಲ್ಲಿ ಶ್ರವಣನ ಗೇಮಿನ ಕಂಪೆನಿಯಲ್ಲಿ ಕೆಲಸ ಸಿಕ್ಕಿತ್ತು. ಕಂಪೆನಿ ಎಂದರೆ ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿ ಎರಡು ಕೋಣೆ, ಐದು ಜನ. ಶ್ರವಣ್ ಶಿರ್ತಾಡಿಯ ದೊಡ್ಡ ಮನೆಯವನು. ದುಬಾಯಿಯಲ್ಲಿ ಎಂಟು ವರ್ಷ ಇದ್ದು ಬಂದವನು. ಅಪ್ಪ ಹೋಟೆಲು ನೋಡಿಕೊಳ್ಳಲು ಹೇಳಿದರೂ ಕೇಳದೆ, ನಮ್ಮ ಊರಿನ ಗೇಮು ನಾವೇ ಮಾಡುವ ಎಂದು ಹಟ ಹಿಡಿದಿದ್ದ. ಆ ಹಟ ವಿಸ್ಮಿತಾಳಿಗೂ ಹಿಡಿಸಿತ್ತು.

ಗೇಮಿನ ಹೆಸರು ‘ಲೈನ್ ಬಸ್’. ಬಿ.ಸಿ. ರೋಡಿನಿಂದ ಹೊರಟು ಬಂಟ್ವಾಳ, ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ದಾಟಿ ಬೆಳ್ತಂಗಡಿಗೆ ಬಸ್ಸು ಬಿಡಬೇಕು. ಸಮಯಕ್ಕೆ ಸರಿಯಾಗಿ ಮುಟ್ಟಬೇಕು, ಯಾರನ್ನೂ ಬಿಟ್ಟು ಹೋಗಬಾರದು. ವಿಸ್ಮಿತಾಳದು ಟೆಕ್ಸ್ಚರಿನ ಕೆಲಸ. ಗೇಮಿನೊಳಗೆ ಇರುವುದೆಲ್ಲ ಮೊದಲಿಗೆ ಬರಿ ಬೂದು ಬಣ್ಣದ ಗೊಂಬೆಗಳು. ಗೋಡೆಗೆ ಗೋಡೆಯ ಚರ್ಮ, ರಸ್ತೆಗೆ ರಸ್ತೆಯ ಚರ್ಮ, ಮನುಷ್ಯರಿಗೆ ಮನುಷ್ಯರ ಚರ್ಮ ಹೊದಿಸುವವಳು ಅವಳು. ಅದಕ್ಕಾಗಿ ಒಂದು ಇಡೀ ಬೇಸಿಗೆ ಆ ದಾರಿಯಲ್ಲಿ ನಡೆದಿದ್ದಳು. ಕೆಂಪು ಮುರಕಲ್ಲಿನ ಗೋಡೆಯ ತೂತುಗಳು, ಸ್ಟಾಪಿನ ಕಂಬದಲ್ಲಿ ಹರಿದ ಪೋಸ್ಟರು, ಡಾಂಬರು ಬಿಟ್ಟುಹೋದ ತಿರುವಿನ ಜಲ್ಲಿ, ಒಂದೊಂದನ್ನೂ ನೆರಳು ಬೀಳದ ಹೊತ್ತು ನೋಡಿ ಫೋಟೊ ತೆಗೆದಿದ್ದಳು. ಬಸ್ಸಿನ ಮಾಲಕರನ್ನು ಕಂಡು, ಅವರ ಬಸ್ಸಿನ ಹೆಸರು, ಬಣ್ಣ ಬಳಸಲು ಒಪ್ಪಿಗೆ ಪತ್ರವನ್ನೂ ಅವಳೇ ಬರೆಸಿ ತಂದಿದ್ದಳು.

ಪುಂಜಾಲಕಟ್ಟೆಯಲ್ಲಿ ಅವಳಿಗೆ ಸಿಕ್ಕಿದವರು ಬೀಯಮ್ಮ. ವಾರಕ್ಕೆ ಮೂರು ದಿನ, ಸುತ್ತಿದ ಬೀಡಿಯ ಬುಟ್ಟಿ ಹಿಡಿದು ಮಡಂತ್ಯಾರಿನ ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗಲು ಸ್ಟಾಪಿನಲ್ಲಿ ನಿಲ್ಲುವ ಬ್ಯಾರಿ ಹೆಂಗಸು. ಅರುವತ್ತು ದಾಟಿದ ಮುಖದಲ್ಲಿ ನೂರು ಗೆರೆ, ಮೂಗಿನ ಬದಿಯಲ್ಲಿ ಮಚ್ಚೆ, ಕಣ್ಣಿನಲ್ಲಿ ಯಾವಾಗಲೂ ಯಾರನ್ನೋ ತಮಾಷೆ ಮಾಡಲು ಕಾದ ಹೊಳಪು. ಗೇಮಿನಲ್ಲಿ ನಿಮ್ಮನ್ನು ಸ್ಟಾಪಿನಲ್ಲಿ ನಿಲ್ಲಿಸುತ್ತೇನೆ ಎಂದಾಗ, ನಾನು ಹೇಗೂ ಅಲ್ಲೇ ನಿಂತಿದ್ದೇನಲ್ಲ ಎಂದು ನಕ್ಕಿದ್ದರು. ಆದರೂ ಮನೆಗೆ ಹೋಗಿ ಮುಖ ತೊಳೆದು, ಪೆಟ್ಟಿಗೆಯಿಂದ ಹೊಸ ತಲೆಬಟ್ಟೆ ತೆಗೆದು ಹೊದ್ದು ಬಂದರು. ಆಧಾರಿನ ಫೋಟೊದಲ್ಲಿ ತನ್ನನ್ನು ಕಳ್ಳಿಯ ಹಾಗೆ ಮಾಡಿದ್ದಾರೆ, ನೀನಾದರೂ ಸರಿ ತೆಗಿ ಎಂದರು. ಸರಿ ತೆಗೆಯುತ್ತೇನೆ ಎಂದು ವಿಸ್ಮಿತಾ ಮಾತು ಕೊಟ್ಟಳು. ಎಡದಿಂದ, ಬಲದಿಂದ, ಎದುರಿನಿಂದ ನಲವತ್ತೆರಡು ಫೋಟೊ ತೆಗೆದು, ಎರಡು ವಾರ ಕೂತು ಆ ಮುಖದ ಒಂದೊಂದು ಗೆರೆಯನ್ನೂ ಗೊಂಬೆಯ ಮೇಲೆ ಕೂರಿಸಿದಳು. ಅಷ್ಟು ಚೆಂದದ ಕೆಲಸವನ್ನು ಅವಳು ಮೊದಲು ಮಾಡಿರಲಿಲ್ಲ. ಬೀಯಮ್ಮ ಕಂಪ್ಯೂಟರಿನೊಳಗಿಂದ ಈಗ ಏನೋ ಹೇಳುತ್ತಾರೆ ಅನ್ನಿಸುವಂತಿತ್ತು.

ಹಾಗಿದ್ದದ್ದು ಹೀಗಾದದ್ದು ಹೇಗೆ? ಅದೂ ಅವಳಿಗೆ ಗೊತ್ತಿತ್ತು. ಬಿಡುಗಡೆಗೆ ಒಂದು ವಾರ ಇರುವಾಗ, ಕಡಿಮೆ ಬೆಲೆಯ ಮೊಬೈಲುಗಳಲ್ಲಿ ಗೇಮು ಓಡುತ್ತಿಲ್ಲ ಎಂದು ಗೊತ್ತಾಯಿತು. ನಮ್ಮ ಊರಿನವರ ಕೈಯಲ್ಲಿ ಇರುವುದು ಅಂಥದೇ ಮೊಬೈಲು, ಅದರಲ್ಲಿ ಓಡದ ಗೇಮು ಯಾಕೆ ಎಂದು ಶ್ರವಣ್ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಗೊಂಬೆಗಳನ್ನು ಹಗುರ ಮಾಡಿ, ಎಲ್ಲ ಚಿತ್ರಗಳನ್ನೂ ಹದಿನಾರನೇ ಒಂದು ಪಾಲಿಗೆ ಇಳಿಸಿ, ಒಂದೇ ಹಾಳೆಗೆ ತುಂಬಿಸು ಎಂದ. ಅದನ್ನು ತಾನಾಗಿ ಮಾಡುವ ಒಂದು ಸಾಧನ ಇತ್ತು. ಹಾಗೆ ಮಾಡಿದರೆ ಮುಖಗಳು ಜಾಗ ತಪ್ಪಬಹುದು, ಒಂದೊಂದನ್ನೇ ನೋಡಲು ಎರಡು ದಿನ ಬೇಕು ಎಂದು ವಿಸ್ಮಿತಾ ಹೇಳಿದಳು. ಬಸ್ಸು ನೋಡು, ರಸ್ತೆ ನೋಡು, ಪ್ರಯಾಣಿಕರನ್ನು ಯಾರು ನೋಡುತ್ತಾರೆ ಎಂದ ಶ್ರವಣ್. ಅವಳು ಮತ್ತೆ ಕೇಳಲಿಲ್ಲ. ಒಂದು ತಿಂಗಳಿಂದ ರಜೆ ಇರಲಿಲ್ಲ, ಕಣ್ಣು ಉರಿಯುತ್ತಿತ್ತು. ಬಟನ್ ಒತ್ತಿದಳು. ಬಸ್ಸು ನೋಡಿದಳು, ರಸ್ತೆ ನೋಡಿದಳು. ಬೀಯಮ್ಮನನ್ನು ನೋಡಲಿಲ್ಲ.

ಮೂಡುಬಿದಿರೆಯಲ್ಲಿ ಇಳಿದವಳು ಚಹಾ ಕೂಡ ಕುಡಿಯದೆ ಆಫೀಸಿನ ಮೆಟ್ಟಿಲು ಹತ್ತಿದಳು. ಅಲ್ಲಿ ಯಾರೂ ಬೇಸರದಲ್ಲಿರಲಿಲ್ಲ. ಟೇಬಲಿನ ಮೇಲೆ ಲಾಡಿನ ಪೆಟ್ಟಿಗೆ ತೆರೆದಿತ್ತು. ಕೋಡು ಬರೆಯುವ ನಿತೇಶ್ ಒಂದು ಲಾಡು ಹಿಡಿದುಕೊಂಡೇ ಅವಳಿಗೆ ಸಂಖ್ಯೆ ತೋರಿಸಿದ. ನಾಲ್ಕು ದಿನದಲ್ಲಿ ನಲವತ್ತು ಸಾವಿರ ಡೌನ್‌ಲೋಡು.

ವಿಸ್ಮಿತಾ ಶ್ರವಣನ ಕೋಣೆಗೆ ಹೋಗಿ, ಬೀಯಮ್ಮನ ಮುಖವನ್ನು ಇವತ್ತೇ ಸರಿ ಮಾಡಿ ಅಪ್‌ಡೇಟ್ ಬಿಡಬೇಕು ಎಂದಳು. ಮಧ್ಯಾಹ್ನದೊಳಗೆ ಆಗುವ ಕೆಲಸ, ಹಳೆಯ ಚಿತ್ರ ತನ್ನ ಹತ್ತಿರ ಹಾಗೆಯೇ ಉಂಟು ಎಂದಳು. ಅವಳು ಮಾತಾಡಿದ್ದು ತುಳುವಿನಲ್ಲಿ. ಶ್ರವಣ್ ಉತ್ತರ ಕೊಟ್ಟದ್ದು ಕನ್ನಡದಲ್ಲಿ. ಯಜಮಾನನಾಗಿ ಮಾತಾಡುವಾಗ ಅವನು ಯಾವಾಗಲೂ ಕನ್ನಡಕ್ಕೆ ಹೊರಳುತ್ತಿದ್ದ.

"ನೋಡು ವಿಸ್ಮಿತಾ, ಈ ನಲವತ್ತು ಸಾವಿರದಲ್ಲಿ ಅರ್ಧ ಜನ ಆ ವಿಡಿಯೊ ನೋಡಿ ಬಂದವರು. ಈಗ ಅದನ್ನು ಸರಿ ಮಾಡಿದರೆ ನಾಳೆ ನಮ್ಮನ್ನು ಕೇಳುವವರಿಲ್ಲ."

"ಅದು ಬೀಯಮ್ಮನ ಮುಖ."

"ಯಾರ ಮುಖ ಅಂತ ಯಾರಿಗೆ ಗೊತ್ತಾಗ್ತದೆ? ನೀನೇ ಹೇಳು, ಅದು ಮುಖದ ಹಾಗೆ ಉಂಟಾ?"

ಆ ಮಾತು ಅವಳ ಎದೆಗೆ ಕಲ್ಲಿನ ಹಾಗೆ ಬಂದು ಬಿತ್ತು. ಶ್ರವಣ್ ಸ್ವಲ್ಪ ಮೆತ್ತಗಾಗಿ, ಎರಡು ವಾರ ಹೋಗಲಿ, ಆಮೇಲೆ ನೋಡುವ ಎಂದ. ಅಲ್ಲಿವರೆಗೆ ಪ್ರಯಾಣಿಕರ ಫೈಲನ್ನು ಯಾರೂ ಮುಟ್ಟಬಾರದು ಎಂದು ನಿತೇಶನಿಗೂ ಹೇಳಿದ. ಹೊರಗೆ ಬಂದಾಗ ಯಾರೋ ಲಾಡಿನ ಪೆಟ್ಟಿಗೆ ಅವಳ ಮುಂದೆ ಹಿಡಿದರು. ವಿಸ್ಮಿತಾ ಅದರ ಮುಚ್ಚಳ ಹಾಕಿ, ಬ್ಯಾಗು ಹೆಗಲಿಗೇರಿಸಿ, ಬಂದ ದಾರಿಯಲ್ಲೇ ಹಿಂದೆ ಹೊರಟಳು.

ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ಪುಂಜಾಲಕಟ್ಟೆ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಬೀಯಮ್ಮನಿಗೆ ವಿಷಯ ಗೊತ್ತಿರಲಿಕ್ಕಿಲ್ಲ, ಅವರ ಹತ್ತಿರ ಅಂಥ ಮೊಬೈಲೇ ಇಲ್ಲ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಿದ್ದಳು. ಮನೆಯ ಬಾಗಿಲಲ್ಲಿ ಮೊಮ್ಮಗಳು ಮಾಜಿದಾ ನಿಂತಿದ್ದಳು. ಪಿಯುಸಿ ಎರಡನೇ ವರ್ಷದ ಹುಡುಗಿ, ಸೋಮವಾರ ಕಾಲೇಜಿನಲ್ಲಿ ಇರಬೇಕಾದವಳು. ವಿಸ್ಮಿತಾಳನ್ನು ನೋಡಿ ಅವಳು ಒಳಗೆ ಬಾ ಎನ್ನಲಿಲ್ಲ. ಬಾಗಿಲಲ್ಲೇ ನಿಂತು, ಶುಕ್ರವಾರದಿಂದ ಕ್ಲಾಸಿನ ಗ್ರೂಪಿನಲ್ಲಿ ಆ ವಿಡಿಯೊ ಓಡುತ್ತಿದೆ ಎಂದಳು. ಅಜ್ಜಿಯನ್ನು ಕಾಲೇಜಿನ ವಾರ್ಷಿಕೋತ್ಸವದಲ್ಲಿ ನೋಡಿದವರು ಮಚ್ಚೆಯಿಂದ ಗುರುತು ಹಿಡಿದರಂತೆ. ಶನಿವಾರ ಅವಳು ತರಗತಿಯೊಳಗೆ ಕಾಲಿಡುವಾಗ ಹಿಂದಿನ ಬೆಂಚಿನಿಂದ ಬಸ್ಸಿನ ಹಾರ್ನಿನ ಶಬ್ದ ಬಂತಂತೆ. ಇನ್ನು ಹೋಗುವುದಿಲ್ಲ ಎಂದಳು.

ಬೀಯಮ್ಮ ಚಾವಡಿಯಲ್ಲಿ ಮೊರ ಮಡಿಲಲ್ಲಿಟ್ಟು ಬೀಡಿ ಸುತ್ತುತ್ತಿದ್ದರು. ತಲೆ ಎತ್ತದೆಯೇ ಕೂರಲು ಹೇಳಿದರು. ವಿಡಿಯೊವನ್ನು ಮಾಜಿದಾ ತೋರಿಸಿರಲಿಲ್ಲ. ಬ್ರಾಂಚಿನಲ್ಲಿ ಯಾರೋ ತೋರಿಸಿದ್ದರು, ಸುತ್ತಲೂ ಹತ್ತು ಹೆಂಗಸರು ನಿಂತಿರುವಾಗ.

"ಇದು ಮಾಡಿದ್ದು ಯಾರು?" ಎಂದು ಕೇಳಿದರು.

ಶ್ರವಣನ ಹೆಸರು ವಿಸ್ಮಿತಾಳ ನಾಲಿಗೆಯ ತುದಿಯಲ್ಲಿ ಇತ್ತು. ಇಡೀ ದಾರಿ ಆ ಹೆಸರನ್ನೇ ಜಗಿಯುತ್ತ ಬಂದಿದ್ದಳು.

"ನಾನು," ಎಂದಳು. "ಅವರು ಹೇಳಿದರು, ನಾನು ಮಾಡಿದೆ. ಆಮೇಲೆ ನಿಮ್ಮನ್ನು ಒಮ್ಮೆಯೂ ನೋಡಲಿಲ್ಲ. ನೋಡದೆ ಬಿಟ್ಟೆ."

ಬೀಯಮ್ಮ ನಾಲ್ಕು ಬೀಡಿ ಸುತ್ತಿ ನೂಲು ಕಟ್ಟಿದರು. ಮಾಜಿದಾ ಒಳಗಿನ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ಬೈದರೆ ಒಳ್ಳೆಯದಿತ್ತು ಅನ್ನಿಸಿತು ವಿಸ್ಮಿತಾಳಿಗೆ. ಕೊನೆಗೆ ಬೀಯಮ್ಮ ಮೊರ ಬದಿಗಿಟ್ಟು, ಕೈಯ ಹೊಗೆಸೊಪ್ಪಿನ ಹುಡಿ ಕೊಡವಿ, "ನಾಳೆ ನಿನ್ನ ಆಫೀಸಿಗೆ ಹೋಗುವ," ಎಂದರು.

ಮರುದಿನ ಹನ್ನೊಂದು ಗಂಟೆಗೆ ಬೀಯಮ್ಮ ಮೂಡುಬಿದಿರೆಯ ಆ ಮಹಡಿ ಹತ್ತಿದರು. ಮಂಡಿನೋವು, ಪ್ರತಿ ಐದು ಮೆಟ್ಟಿಲಿಗೆ ಒಮ್ಮೆ ನಿಂತರು. ಅವರನ್ನು ನೋಡಿದ ಕೂಡಲೇ ನಿತೇಶ್ ಎದ್ದು ನಿಂತ. ಆ ಮಚ್ಚೆಯನ್ನು ಅವನು ಪರದೆಯ ಮೇಲೆ ಸಾವಿರ ಸಲ ನೋಡಿದ್ದ, ಮನುಷ್ಯರ ಮುಖದ ಮೇಲೆ ನೋಡಿದ್ದು ಅಂದೇ. ಶ್ರವಣ್ ಮರ್ಯಾದೆಗೆ ಕಡಿಮೆ ಮಾಡಲಿಲ್ಲ. ತನ್ನ ಕುರ್ಚಿಯನ್ನೇ ಎಳೆದು ಕೊಟ್ಟ, ಚಹಾ ತರಿಸಿದ, ತುಳುವಿನಲ್ಲೇ ಮಾತಾಡಿದ. ಇದು ಕಂಪ್ಯೂಟರಿನ ತಪ್ಪು, ಯಾರೂ ಬೇಕೆಂದು ಮಾಡಿದ್ದಲ್ಲ, ಇಂಥದ್ದು ದೊಡ್ಡ ದೊಡ್ಡ ದೇಶದ ಗೇಮಿನಲ್ಲಿಯೂ ಆಗುತ್ತದೆ ಎಂದು ತಾಳ್ಮೆಯಿಂದ ವಿವರಿಸಿದ.

ಬೀಯಮ್ಮ ಪೂರ್ತಿ ಕೇಳಿಸಿಕೊಂಡರು. ಚಹಾ ಮುಟ್ಟಲಿಲ್ಲ.

"ನಾನು ಸುತ್ತಿದ ಕಟ್ಟಿನಲ್ಲಿ ಒಂದು ಬೀಡಿ ಸಡಿಲ ಇದ್ದರೆ ಬ್ರಾಂಚಿನಲ್ಲಿ ಇಡೀ ಕಟ್ಟು ತೆಗೆದು ಬದಿಗೆ ಹಾಕ್ತಾರೆ," ಎಂದರು. "ನನ್ನ ಎದುರೇ ಹಾಕ್ತಾರೆ. ನಲವತ್ತು ವರ್ಷ ಆಯ್ತು, ಈಗಲೂ ನೋಡ್ತಾರೆ. ನಿಮ್ಮದನ್ನು ನೋಡುವವರು ಯಾರೂ ಇಲ್ವಾ?"

ಶ್ರವಣ್ ತಲೆ ತಗ್ಗಿಸಿದ. ಆ ಹೊತ್ತಿನಲ್ಲಿ ಅವನಿಗೆ ನಿಜವಾಗಿಯೂ ನಾಚಿಕೆಯಾಗಿತ್ತು ಎಂದೇ ವಿಸ್ಮಿತಾ ಆಮೇಲೂ ನಂಬಿದ್ದಳು. ಶುಕ್ರವಾರ ಅಪ್‌ಡೇಟ್ ಬರುತ್ತದೆ, ಅದರಲ್ಲಿ ನಿಮ್ಮ ವಿಷಯ ಮುಗಿಸುತ್ತೇನೆ ಎಂದು ಮಾತು ಕೊಟ್ಟ. ಬೀಯಮ್ಮ ಎದ್ದು, ಶುಕ್ರವಾರ ಎಂದು ಒಮ್ಮೆ ಹೇಳಿ, ಗೋಡೆ ಹಿಡಿದು ಮೆಟ್ಟಿಲು ಇಳಿದರು. ವಿಸ್ಮಿತಾ ಅಂದೇ ಸರಿಯಾದ ಮುಖದ ಫೈಲನ್ನು ನಿತೇಶನಿಗೆ ಕೊಟ್ಟಳು. ಹಾಕುವುದಷ್ಟೇ ಬಾಕಿ ಇತ್ತು.

ಶುಕ್ರವಾರ ಅಪ್‌ಡೇಟ್ ಬಂತು. ವಿಸ್ಮಿತಾ ಬೆಳಿಗ್ಗೆಯೇ ಮೂಡುಬಿದಿರೆಯ ತನ್ನ ಪಿಜಿಯ ಮಂಚದ ಮೇಲೆ ಕೂತು, ಮೊಬೈಲಿನಲ್ಲಿ ಗೇಮು ತೆರೆದು, ಬಿ.ಸಿ. ರೋಡಿನಿಂದ ಬಸ್ಸು ಹೊರಡಿಸಿದಳು. ವಗ್ಗದ ಹತ್ತಿರ ಮಿನುಗಿ ಮಾಯವಾಗುತ್ತಿದ್ದ ರಸ್ತೆ ಸರಿಯಾಗಿತ್ತು. ನೆಲ ಬಿಟ್ಟು ನಿಂತಿದ್ದ ತೆಂಗಿನಮರಗಳು ನೆಲಕ್ಕೆ ಇಳಿದಿದ್ದವು. ಆಕಾಶದ ನಡುವೆ ಹರಿದ ಹಾಗೆ ಕಾಣುತ್ತಿದ್ದ ಗೆರೆ ಹೋಗಿತ್ತು. ಪುಂಜಾಲಕಟ್ಟೆ ಬಂತು. ಬೀಯಮ್ಮ ಅಲ್ಲೇ ಇದ್ದರು. ಅದೇ ಕರಗಿದ ಮುಖ, ಅದೇ ಕೆನ್ನೆಯ ಕಣ್ಣು. ಬಸ್ಸು ಹತ್ತಿರವಾಗುತ್ತಲೇ ಪರದೆಯ ಮೂಲೆಯಲ್ಲಿ ಒಂದು ಹಳದಿ ನಕ್ಷತ್ರ ಹೊಳೆಯಿತು. ಕೆಳಗೆ ಬರೆದಿತ್ತು: ‘ಅಜ್ಜಿ ಎಕ್ಸ್‌ಪ್ರೆಸ್. ಗಾಜಿನಿಂದ ಬೀಳಿಸದೆ ಬೆಳ್ತಂಗಡಿ ಮುಟ್ಟಿಸಿ, ಐದುನೂರು ಅಂಕ ಗೆಲ್ಲಿ.’

ವಿಸ್ಮಿತಾ ಮೊಬೈಲನ್ನು ಹಾಸಿಗೆಯ ಮೇಲೆ ಕವುಚಿ ಹಾಕಿದಳು. ಅಷ್ಟು ದಿನ ಅದು ಒಂದು ತಪ್ಪು, ಕಣ್ಣು ತಪ್ಪಿದ ಒಂದು ಗಳಿಗೆ. ಅದರಲ್ಲಿ ಅವಳದೂ ಪಾಲಿತ್ತು. ಇದು ತಪ್ಪಲ್ಲ. ಇದನ್ನು ಯಾರೋ ಕೂತು ಯೋಚಿಸಿದ್ದಾರೆ, ಹೆಸರಿಟ್ಟಿದ್ದಾರೆ, ನಕ್ಷತ್ರಕ್ಕೆ ಹಳದಿ ಬಣ್ಣ ಆರಿಸಿದ್ದಾರೆ. ಆ ಮುದುಕಿ ಮಂಡಿ ನೋವಿನಲ್ಲಿ ಮಹಡಿ ಹತ್ತಿ ಬಂದು ಹೋದ ಮೇಲೆ.

ನಿತೇಶನಿಗೆ ಫೋನು ಮಾಡಿದಳು. ಆಡುವವರೇ ಕೇಳುತ್ತಿದ್ದಾರೆ ಎಂದು ಶ್ರವಣ್ ಹೇಳಿದ, ನಾನು ಬೇಡ ಎಂದೆ, ಆದರೂ ಬರೆದುಕೊಟ್ಟೆ ಎಂದ ಅವನು. ಬೇಡ ಎಂದ ಮೇಲೆ ಯಾಕೆ ಬರೆದೆ ಎಂದು ಕೇಳಲು ಹೋದ ವಿಸ್ಮಿತಾ, ಅರ್ಧದಲ್ಲೇ ಮಾತು ನುಂಗಿದಳು. ಆ ಪ್ರಶ್ನೆಯನ್ನು ಕೇಳುವ ಯೋಗ್ಯತೆ ತನಗೆಷ್ಟು ಎಂದು ಅವಳಿಗೆ ಗೊತ್ತಿತ್ತು. ಕೆಲಸ ಬಿಡುತ್ತೇನೆಂದು ಶ್ರವಣನಿಗೆ ಎರಡು ಸಾಲು ಬರೆದು ಕಳಿಸಿದಳು. ಅವನಿಂದ ಉತ್ತರ ಬರುವ ಮೊದಲೇ ಅವಳು ಬಂಟ್ವಾಳದ ಬಸ್ಸಿನಲ್ಲಿದ್ದಳು.

ಒಪ್ಪಿಗೆ ಪತ್ರಗಳನ್ನು ಬರೆಸಿದವಳು ಅವಳೇ ಆದ್ದರಿಂದ, ಅವುಗಳಲ್ಲಿ ಏನು ಬರೆದಿದೆ ಎಂದು ಅವಳಿಗೆ ಬಾಯಿಪಾಠವಿತ್ತು. ಒಟ್ಟು ಹನ್ನೊಂದು ಬಸ್ಸು. ಹತ್ತು ಮಾಲಕರು ಓದದೆಯೇ ಸಹಿ ಹಾಕಿದ್ದರು. ‘ಗಿರಿಕನ್ಯೆ’ ಬಸ್ಸಿನ ಚನಿಯಪ್ಪ ಮಾತ್ರ ಕನ್ನಡಕ ಹಾಕಿ ಓದಿ, ಒಂದು ಸಾಲು ಸೇರಿಸದೆ ಸಹಿ ಹಾಕುವುದಿಲ್ಲ ಎಂದಿದ್ದರು. ತನ್ನ ಬಸ್ಸಿಗಾಗಲಿ ಅದರ ಪ್ರಯಾಣಿಕರಿಗಾಗಲಿ ಅವಮಾನವಾಗುವಂತೆ ಬಳಸಿದರೆ ಒಪ್ಪಿಗೆ ರದ್ದು ಎಂಬುದು ಆ ಸಾಲು. ಅವರದ್ದನ್ನು ನೋಡಿ ಎಲ್ಲ ಪತ್ರಗಳಿಗೂ ಆ ಸಾಲು ಸೇರಿಸಿ ಹೊಸದಾಗಿ ಸಹಿ ಮಾಡಿಸಲಾಗಿತ್ತು. ಆಗ ಅದು ಮುದುಕನ ಕಿರಿಕಿರಿ ಎಂದು ಆಫೀಸಿನಲ್ಲಿ ಎಲ್ಲರೂ ನಕ್ಕಿದ್ದರು.

ಚನಿಯಪ್ಪ ಇಪ್ಪತ್ತೈದು ವರ್ಷ ಬೇರೆಯವರ ಬಸ್ಸು ಓಡಿಸಿ, ಕೊನೆಗೆ ಒಂದು ಬಸ್ಸು ಮಾಡಿಕೊಂಡವರು. ಬಿ.ಸಿ. ರೋಡಿನ ಬಸ್ಸು ನಿಲ್ದಾಣದ ಹಿಂದೆ, ಟ್ರಿಪ್ಪಿನ ನಡುವಿನ ಹೊತ್ತಿನಲ್ಲಿ, ಡ್ರೈವರ್ ಸೀಟಿನಲ್ಲೇ ಕೂತು ಊಟ ಮಾಡುತ್ತಿದ್ದರು. ವಿಸ್ಮಿತಾ ಎದುರಿನ ಬಾಗಿಲಿನಿಂದ ಹತ್ತಿ ಮೊಬೈಲು ಅವರ ಮುಂದೆ ಹಿಡಿದಳು. ಆಟ ಹೇಗೆಂದು ವಿವರಿಸಲು ಹೋಗಲಿಲ್ಲ. ಬಸ್ಸುಗಳ ಪಟ್ಟಿಯಿಂದ ಗಿರಿಕನ್ಯೆಯನ್ನೇ ಆರಿಸಿದಳು. ಪುಂಜಾಲಕಟ್ಟೆಯಲ್ಲಿ ಬೀಯಮ್ಮನ ಮೇಲೆ ಹಾಯಿಸಿದಳು. ಮತ್ತೊಮ್ಮೆ ಅದನ್ನು ತನ್ನ ಕೈಯಿಂದಲೇ ಮಾಡಬೇಕಾಯಿತು.

ಚನಿಯಪ್ಪ ಬುತ್ತಿಯ ಮುಚ್ಚಳ ಹಾಕಿ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ತಾವು ದುಡ್ಡು ಕೊಟ್ಟು ಬರೆಸಿದ ಹಸಿರು ಬಳ್ಳಿ, ಕೆಂಪು ಅಕ್ಷರ, ಕಿಟಕಿಯ ಕೆಳಗೆ ಮಗಳ ಹೆಸರು, ಎಲ್ಲವೂ ಇತ್ತು. ಆ ಗಾಜಿಗೆ ಅಂಟಿ ಒದ್ದಾಡುವ ಹೆಂಗಸೂ ಇತ್ತು, ಅದರ ಮೂಗಿನ ಬದಿಯಲ್ಲಿ ಅವರಿಗೆ ಪರಿಚಯದ ಆ ಮಚ್ಚೆಯೂ.

"ಬೀಯಮ್ಮ ಸ್ಟಾಪಿನಲ್ಲಿ ಇಲ್ಲದಿದ್ದರೆ ನಾನು ಒಂದು ನಿಮಿಷ ಕಾಯ್ತೇನೆ," ಎಂದರು. "ಮಳೆಗಾಲದಲ್ಲಿ ಎರಡು ನಿಮಿಷ. ಟೈಮ್ ಕೀಪರ್ ಬೈತಾನೆ, ಬೈಯಲಿ. ಇವರು ನನ್ನ ಬಸ್ಸನ್ನು ಅವರ ಮೇಲೆ ಹಾಯಿಸಿ ಮಾರ್ಕು ಕೊಡ್ತಾರಾ?"

ಅವರು ಕೂಗಾಡಲಿಲ್ಲ. ಎದ್ದು ಕೈ ತೊಳೆದು, ನಿಲ್ದಾಣದಲ್ಲಿ ನಿಂತಿದ್ದ ಇನ್ನೆರಡು ಬಸ್ಸಿನವರನ್ನು ಕರೆದು ತೋರಿಸಿದರು. ಸಂಜೆಯೊಳಗೆ ಅದು ಬೆಳ್ತಂಗಡಿಯವರೆಗೆ ಬಾಯಿಂದ ಬಾಯಿಗೆ ಹೋಯಿತು. ಅಸ್ಕರ್ ಎಂಬ ಡ್ರೈವರ್ ತನ್ನ ಮಾಲಕರ ಮನೆಗೇ ಹೋಗಿ, ಅವರು ಸಹಿ ಹಾಕುವವರೆಗೆ ಜಗಲಿಯಿಂದ ಏಳಲಿಲ್ಲವಂತೆ. ಇಬ್ಬರು ಮಾಲಕರು, ಗೇಮಿನಿಂದ ಬಸ್ಸಿಗೆ ಪುಕ್ಕಟೆ ಪ್ರಚಾರ ಸಿಗುತ್ತಿದೆ, ನಮಗೆ ಯಾಕೆ ಈ ಉಸಾಬರಿ ಎಂದು ಹಿಂದೆ ಸರಿದರು. ಒಂಬತ್ತು ಜನ ಒಪ್ಪಿಗೆ ರದ್ದು ಮಾಡಿ ಬರೆದುಕೊಟ್ಟರು. ವಿಸ್ಮಿತಾ ಅವುಗಳನ್ನು ಶ್ರವಣನಿಗೂ, ಗೇಮು ಇಳಿಸಿಕೊಳ್ಳುವ ಆನ್‌ಲೈನ್ ಅಂಗಡಿಗೂ ಕಳಿಸಿದಳು. ಜೊತೆಗೆ ಬೀಯಮ್ಮನ ದೂರು ಒಂದು. ಅದನ್ನು ಮಾಜಿದಾ ಕೂತು ಇಂಗ್ಲಿಷಿನಲ್ಲಿ ಬರೆದಳು. ವಿಸ್ಮಿತಾ ತಿದ್ದಲು ಕೇಳಿದಾಗ, ನೀವು ಮುಟ್ಟುವುದು ಬೇಡ ಎಂದಳು.

ನಾಲ್ಕನೇ ದಿನ ಗೇಮು ಕಾಣೆಯಾಯಿತು. ಅಂಗಡಿಯವರು ತೆಗೆದರೋ, ಅದಕ್ಕೆ ಮೊದಲು ಶ್ರವಣನೇ ಹಿಂತೆಗೆದುಕೊಂಡನೋ ಅವಳಿಗೆ ತಿಳಿಯಲಿಲ್ಲ. ಹನ್ನೊಂದರಲ್ಲಿ ಒಂಬತ್ತು ಬಸ್ಸಿಲ್ಲದ ಬಸ್ಸಿನ ಗೇಮನ್ನು ಯಾರು ಆಡುತ್ತಾರೆ?

ತನ್ನ ಹಾರ್ಡ್‌ಡಿಸ್ಕು, ಚಪ್ಪಲಿ, ಒಂದು ಮಗ್ಗು ತರಲು ವಿಸ್ಮಿತಾ ಆಫೀಸಿಗೆ ಹೋದಾಗ ಶ್ರವಣ್ ಒಬ್ಬನೇ ಇದ್ದ. ಗಡ್ಡ ಬಿಟ್ಟಿದ್ದ. ಅವನು ಬೈಯಲು ಶುರು ಮಾಡಿದ್ದು ಕನ್ನಡದಲ್ಲಿ. ಎರಡು ವಾಕ್ಯ ಮುಗಿಯುವಷ್ಟರಲ್ಲಿ ತುಳುವಿಗೆ ಬಂದಿದ್ದ. ಎರಡು ವರ್ಷದ ಕೆಲಸ ಒಂದು ಮುದುಕಿಯ ಮುಖಕ್ಕಾಗಿ ನೀನು ಮಣ್ಣುಪಾಲು ಮಾಡಿದೆ ಎಂದ. ನಿತೇಶನ ಕೆಲಸ ಹೋಯಿತು, ಉಳಿದವರದೂ ಹೋಯಿತು, ಅವರ ಮನೆಗೆ ಹೋಗಿ ನಿನ್ನ ನ್ಯಾಯ ಹೇಳು ಎಂದ. ಅದು ಸುಳ್ಳಾಗಿರಲಿಲ್ಲ. ನಿತೇಶ್ ಅವಳ ಫೋನು ತೆಗೆಯುವುದನ್ನು ಬಿಟ್ಟಿದ್ದ.

"ಸೋಮವಾರ ಮಧ್ಯಾಹ್ನದೊಳಗೆ ಸರಿಯಾಗುವ ಕೆಲಸ ಅದು," ಎಂದಳು ವಿಸ್ಮಿತಾ. "ನಾನು ಕೇಳಿದೆ. ಅವರು ಬಂದು ಕೇಳಿದರು. ನೀವು ಅದಕ್ಕೆ ನಕ್ಷತ್ರ ಹಾಕಿದಿರಿ."

ಶ್ರವಣ್ ಮತ್ತೇನೋ ಹೇಳಿದ. ಅವಳು ನಿಲ್ಲಲಿಲ್ಲ. ಮೆಟ್ಟಿಲು ಇಳಿಯುವಾಗ ಅವಳಿಗೆ ಗೆದ್ದೆ ಎನ್ನಿಸಲಿಲ್ಲ. ಒಳಗೆ ಇನ್ನೂ ಉರಿಯುತ್ತಲೇ ಇತ್ತು. ಆ ಮುರಕಲ್ಲಿನ ಗೋಡೆಗಳು, ಆ ತಿರುವುಗಳು, ಬೇಸಿಗೆಯಿಡೀ ನಡೆದು ಕೂಡಿಸಿದ್ದೆಲ್ಲ ಹೋಯಿತಲ್ಲ ಎಂಬ ಸಿಟ್ಟೂ ಅದಕ್ಕೆ ಸೇರಿತ್ತು. ಎರಡು ದಿನ ತಾಳ್ಮೆ ಇದ್ದಿದ್ದರೆ ಅದೊಂದು ಒಳ್ಳೆಯ ಗೇಮು ಆಗುತ್ತಿತ್ತು. ಅವಳ ಕೋಪ ಹೆಚ್ಚಾಗಿ ಅದಕ್ಕೇ.

ಪುಂಜಾಲಕಟ್ಟೆಗೆ ಹೋಗಿ ಸುದ್ದಿ ಹೇಳಿದಾಗ ಬೀಯಮ್ಮ ತಲೆಯಾಡಿಸಿದರು. ವಿಡಿಯೊಗಳು ಇನ್ನೂ ಉಂಟಾ ಎಂದು ಕೇಳಿದರು. ಉಂಟು ಎಂದಳು ವಿಸ್ಮಿತಾ, ಗೇಮು ಹೋದರೂ ಜನರ ಮೊಬೈಲಿನಲ್ಲಿ ಇರುವುದನ್ನು ತೆಗೆಯಲು ಆಗುವುದಿಲ್ಲ. ಬೀಯಮ್ಮ ಆಗ ತನ್ನ ಫೋಟೊಗಳು ಎಲ್ಲಿವೆ ಎಂದು ಕೇಳಿದರು. ವಿಸ್ಮಿತಾ ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ನಲವತ್ತೆರಡು ಫೋಟೊ, ಒಂದಕ್ಕಿಂತ ಒಂದು ಚೆಂದ; ನಗಲು ಹೊರಟ ತುಟಿ, ಬಿಸಿಲಿಗೆ ಕಿರಿದಾದ ಕಣ್ಣು, ಹೊಸ ತಲೆಬಟ್ಟೆಯ ನೀಲಿ ಅಂಚು. ಮಾಜಿದಾ ಅಜ್ಜಿಯ ಭುಜದ ಮೇಲಿನಿಂದ ಬಗ್ಗಿ ನೋಡಿ, ಇದೊಂದು ಇರಲಿ, ಪ್ರಿಂಟು ತೆಗೆಸಿ ಹಾಕುವ ಎಂದಳು.

"ಬೇಡ," ಎಂದರು ಬೀಯಮ್ಮ. "ಎಲ್ಲ ತೆಗಿ. ನಾನು ನೋಡ್ತೇನೆ."

ವಿಸ್ಮಿತಾ ಒಂದೊಂದಾಗಿ ಅಳಿಸಿದಳು. ಪ್ರತಿಯೊಂದನ್ನೂ ಬೀಯಮ್ಮ ನೋಡಿ, ಹೂಂ ಎಂದ ಮೇಲೆಯೇ ಅಳಿಸಿದಳು. ಮುಗಿದಾಗ, ನಿಮಗೆ ನನ್ನ ಮೇಲೆ ಕೋಪ ಹೋಗಿಲ್ಲ ಅಲ್ಲವೆ ಎಂದು ಕೇಳಿದಳು. ಹೋಗಿಲ್ಲ ಎಂದರು ಬೀಯಮ್ಮ, ಮುಚ್ಚಿಡದೆ. ಆಮೇಲೆ, ಊಟದ ಹೊತ್ತಾಯಿತು, ಊಟ ಮಾಡಿ ಹೋಗು ಎಂದು ಎದ್ದರು. ಮೂವರೂ ಒಟ್ಟಿಗೆ ಕೂತು ಗಂಜಿ, ಒಣಮೀನಿನ ಚಟ್ನಿ ಉಂಡರು.

ಮುಂದಿನ ಸೋಮವಾರ ಸಂಜೆ ಮಾಜಿದಾಳಿಂದ ಒಂದು ಸಂದೇಶ ಬಂತು. ಅವಳು ತಾನಾಗಿ ವಿಸ್ಮಿತಾಳಿಗೆ ಬರೆದದ್ದು ಅದೇ ಮೊದಲು. ಕಾಲೇಜಿಗೆ ಹೋಗಿದ್ದೆ ಎಂದು ಬರೆದಿದ್ದಳು. ಹಿಂದಿನ ಬೆಂಚಿನವನು ಮತ್ತೆ ಹಾರ್ನಿನ ಶಬ್ದ ಮಾಡಿದನಂತೆ. ಅವಳು ಬ್ಯಾಗು ಕೂಡ ಕೆಳಗಿಡದೆ ನೇರ ಅವನ ಬೆಂಚಿಗೆ ಹೋಗಿ, ಅವರು ನನ್ನ ಅಜ್ಜಿ, ಹೆಸರು ಬೀಯಮ್ಮ, ಈಗ ಆ ವಿಡಿಯೊವನ್ನು ನನ್ನ ಎದುರು ಹಾಕು, ಒಟ್ಟಿಗೆ ನೋಡುವ ಎಂದಳಂತೆ. ಇಡೀ ಕ್ಲಾಸು ತಿರುಗಿ ನೋಡುತ್ತಿತ್ತಂತೆ. ಅವನು ಮೊಬೈಲು ಹೊರಗೆ ತೆಗೆಯಲಿಲ್ಲವಂತೆ. ಲೆಕ್ಚರರು ಬರುವವರೆಗೂ ಅವಳು ಅಲ್ಲಿಂದ ಕದಲಲಿಲ್ಲವಂತೆ.